ಎರಡು ಲ್ಯಾಬ್, ಎರಡು ಟಿಎಸ್‌ಎಚ್: ಅಮ್ಮನಿಗೆ ಮಾತ್ರೆ ಬೇಕೋ ಬೇಡವೋ?

ಅಡಿಕೆಸಿಪ್ಪೆ
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ. ಕಳೆದ ತಿಂಗಳು ಮಂಡಿನೋವೆಂದು ಆಸ್ಪತ್ರೆಗೆ ಹೋದವರಿಗೆ ಪೂರ್ತಿ ದೇಹದ ತಪಾಸಣೆಯ ಪ್ಯಾಕೇಜು ಮಾಡಿಸಿ ಕಳುಹಿಸಿದರು. ಅದರಲ್ಲಿ ಟಿಎಸ್‌ಎಚ್ 7.2 ಬಂದಿದೆ, ಪಕ್ಕದಲ್ಲಿ ಕೆಂಪು ಬಾಣ. ಇದು ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡೆಂದು ಹೇಳುವ ಹಾರ್ಮೋನಂತೆ. ಆ ಗ್ರಂಥಿ ತಯಾರಿಸುವ ಥೈರಾಕ್ಸಿನ್ ಹಾರ್ಮೋನು, ಅಂದರೆ ಫ್ರೀ ಟಿ4, ಮಿತಿಯೊಳಗೇ ಇದೆ. ವೈದ್ಯರು ವರದಿಯನ್ನು ಅರ್ಧ ನಿಮಿಷ ನೋಡಿ, 50 ಮೈಕ್ರೋಗ್ರಾಂ ಮಾತ್ರೆ ಬರೆದು, "ಇನ್ನು ಜೀವನಪೂರ್ತಿ" ಎಂದರು. ಅಂದಿನಿಂದ ಅಮ್ಮ ಯಾರ ಫೋನು ಬಂದರೂ "ನನಗೆ ಥೈರಾಯ್ಡ್ ಬಂದಿದೆ" ಎಂದೇ ಮಾತು ಶುರು ಮಾಡುತ್ತಾರೆ.

ನನಗೆ ಸಮಾಧಾನವಾಗದೆ ಹತ್ತು ದಿನ ಬಿಟ್ಟು ಬೇರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದೆ. ಅಲ್ಲಿ 5.6! ಮಾತ್ರೆ ಇನ್ನೂ ಆರಂಭಿಸಿಲ್ಲ. ಒಂದೇ ಮನುಷ್ಯರ ರಕ್ತ, ಎರಡು ಅಂಕಿ. ಯಾರದು ಸರಿ, ಯಾರದು ತಪ್ಪು?

ಕಾಫಿಗಿಡ
ಎರಡನ್ನೂ ಕೂಡಿ ಎರಡರಿಂದ ಭಾಗಿಸಿ, ಮೂರನೆಯ ಲ್ಯಾಬಿನ ಖರ್ಚು ಉಳಿಯುತ್ತದೆ.

ತಮಾಷೆಗೆ ಹೇಳಿದೆ, ಬೇಸರ ಬೇಡ. ನನ್ನ ಹೆಂಡತಿ ಹನ್ನೊಂದು ವರ್ಷದಿಂದ ಈ ಮಾತ್ರೆಯಲ್ಲೇ ಇದ್ದಾಳೆ. ಬೆಳಿಗ್ಗೆ ಐದೂವರೆಗೆ ಮಾತ್ರೆ ನುಂಗಿ, ಕಾಫಿಗೆ ಒಂದು ಗಂಟೆ ಕಾಯುತ್ತಾಳೆ. ಆ ಒಂದು ಗಂಟೆ ಅವಳ ಹತ್ತಿರ ಯಾರೂ ಸುಳಿಯುವುದಿಲ್ಲ.

ನಿರ್ವಾಹಕರು
ಮೊದಲ ಬರಹದಲ್ಲಿದ್ದ ಆಸ್ಪತ್ರೆಯ ಮತ್ತು ಲ್ಯಾಬುಗಳ ಹೆಸರು ತೆಗೆದಿದ್ದೇವೆ. ಚರ್ಚೆ ಮುಂದುವರಿಯಲಿ.

ಸೀರಂ ಸುಮ
ಅಡಿಕೆಸಿಪ್ಪೆಯವರೇ, ಎರಡೂ ಸರಿ ಇರಬಹುದು. ಹದಿನಾಲ್ಕು ವರ್ಷದಿಂದ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಸ್ವಲ್ಪ ಉದ್ದವಾಗಿ ಹೇಳಲು ಬಿಡಿ.

ಮೊದಲು ಒಂದು ಪ್ರಶ್ನೆ: ರಕ್ತ ತೆಗೆದದ್ದು ಎಷ್ಟು ಗಂಟೆಗೆ? ಟಿಎಸ್‌ಎಚ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಡುರಾತ್ರಿ ದಾಟಿದ ಮೇಲೆ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಬೆಳಿಗ್ಗೆ ಏಳಕ್ಕೆ ಕೊಟ್ಟ ರಕ್ತವನ್ನು ಮಧ್ಯಾಹ್ನ ಎರಡಕ್ಕೆ ಕೊಟ್ಟ ರಕ್ತದ ಜೊತೆ ಹೋಲಿಸುವುದು, ಸಂತೆಯ ದಿನದ ವ್ಯಾಪಾರವನ್ನು ಉಳಿದ ದಿನದ ವ್ಯಾಪಾರದ ಜೊತೆ ಹೋಲಿಸಿದ ಹಾಗೆ. ಹೊತ್ತು ಒಂದೇ ಇದ್ದರೂ ಒಬ್ಬರದೇ ರಕ್ತದಲ್ಲಿ ವಾರದಿಂದ ವಾರಕ್ಕೆ ಐದನೇ ಒಂದು ಭಾಗದಷ್ಟು ಏರುಪೇರು ಸಹಜ. 7.2ರಿಂದ 5.6ಕ್ಕೆ ಇಳಿದದ್ದು ಹೆಚ್ಚುಕಡಿಮೆ ಅಷ್ಟೇ.

ಇನ್ನು ಯಂತ್ರದ ವಿಷಯ. ಬೆಳಿಗ್ಗೆ ಆರೂವರೆಗೆ ನಾನು ಯಂತ್ರ ಚಾಲೂ ಮಾಡಿದ ಮೇಲೆ ಅದರೊಳಗೆ ಮೊದಲು ಹೋಗುವುದು ರೋಗಿಗಳ ರಕ್ತವಲ್ಲ, ಕಂಟ್ರೋಲ್ ಸೀರಂ. ಇದು ಉತ್ತರ ಮೊದಲೇ ಗೊತ್ತಿರುವ ಮಾದರಿ. ಪುಡಿಯಾಗಿ ಬರುತ್ತದೆ. ಶುದ್ಧ ನೀರನ್ನು ಪಿಪೆಟ್ಟಿನಲ್ಲಿ ಸರಿಯಾಗಿ ಐದು ಮಿಲಿ ಲೀಟರ್ ಅಳೆದು ಹಾಕಿ, ಕುಲುಕದೆ, ನೊರೆ ಏಳದ ಹಾಗೆ ಶೀಶೆಯನ್ನು ಅಂಗೈಯಲ್ಲಿ ಮೆಲ್ಲಗೆ ಉರುಳಿಸಬೇಕು. ಬಂದ ಅಂಕಿಯನ್ನು ಲೆವಿ-ಜೆನ್ನಿಂಗ್ಸ್ ಚಾರ್ಟಿನಲ್ಲಿ ಒಂದು ಚುಕ್ಕೆಯಾಗಿ ಗುರುತಿಸುತ್ತೇವೆ. ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಮಿತಿಯ ಗೆರೆಗಳು. ಚುಕ್ಕೆ ಗೆರೆ ದಾಟಿದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಗೆರೆ ದಾಟದೆ, ದಿನಗಟ್ಟಲೆ ಒಂದೇ ಪಕ್ಕಕ್ಕೆ ಬೀಳುತ್ತಾ ಹೋದರೂ ನನಗೆ ಅನುಮಾನ ಬರುತ್ತದೆ. ಅಷ್ಟರಲ್ಲಿ ಹೊರಗೆ ಖಾಲಿ ಹೊಟ್ಟೆಯಲ್ಲಿ ಕುಳಿತವರು "ಇನ್ನೂ ಎಷ್ಟು ಹೊತ್ತು" ಎಂದು ಬೈಯುತ್ತಿರುತ್ತಾರೆ! ಇದಲ್ಲದೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಂಥ ಕಡೆಯಿಂದ ಉತ್ತರ ಗೊತ್ತಿಲ್ಲದ ಮಾದರಿಗಳು ಬರುತ್ತವೆ, ಅವು ನಮಗೆ ಪರೀಕ್ಷೆ. ದೇಶದ ಬೇರೆ ಲ್ಯಾಬುಗಳ ಉತ್ತರದ ಜೊತೆ ನಮ್ಮದನ್ನು ಇಟ್ಟು ನೋಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಒಂದು ಕಂಪನಿಯ ಕಿಟ್ಟು 6 ತೋರಿಸಿದ ರಕ್ತವನ್ನು ಇನ್ನೊಂದು ಕಂಪನಿಯ ಕಿಟ್ಟು 6.6 ಎಂದು ತೋರಿಸಬಹುದು. ಟಿಎಸ್‌ಎಚ್ ಅಣುವನ್ನು ಎರಡು ಪ್ರತಿಕಾಯಗಳು (ಆಂಟಿಬಾಡಿ) ಎರಡು ಕಡೆಯಿಂದ ಹಿಡಿದುಕೊಳ್ಳುತ್ತವೆ. ಒಂದು ಕಾಂತಕ್ಕೆ ಅಂಟುವ ಕಣದ ಮೇಲೆ ಕೂತಿರುತ್ತದೆ, ಇನ್ನೊಂದು ಬೆಳಕು ಚೆಲ್ಲುತ್ತದೆ. ಬೆಳಕು ಎಷ್ಟೋ ಹಾರ್ಮೋನು ಅಷ್ಟು. ಹಿಡಿಯುವ ಪ್ರತಿಕಾಯ ಒಂದೊಂದು ಕಂಪನಿಯದು ಒಂದೊಂದು ಬಗೆಯದು, ಹಿಡಿತವೂ ಬೇರೆ. ಆದ್ದರಿಂದ ಇನ್ನು ಮುಂದೆ ಒಂದೇ ಲ್ಯಾಬು, ಒಂದೇ ಹೊತ್ತು.

ಅಡಿಕೆಸಿಪ್ಪೆ
ಸುಮ ಮೇಡಂ, ಮೊದಲನೆಯದು ಬೆಳಿಗ್ಗೆ ಏಳೂವರೆ. ಎರಡನೆಯದು ನನ್ನ ಆಫೀಸಿನ ರಜೆ ನೋಡಿಕೊಂಡು ಮಧ್ಯಾಹ್ನ ಹನ್ನೆರಡರ ಮೇಲೆ. ಈಗ ಅರ್ಥವಾಯಿತು.

ಆದರೆ 5.6 ಕೂಡ ಮಿತಿಗಿಂತ ಮೇಲೆಯೇ ಅಲ್ಲವೇ?

ಬಿಳಿಕೋಟು
ಹೌದು, ಮೇಲೆಯೇ. ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ಏರಿದ್ದರೆ ಅದನ್ನು ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡಿಸಂ, ಅಂದರೆ ಇನ್ನೂ ಪೂರ್ತಿ ಕಾಣಿಸಿಕೊಳ್ಳದ ಥೈರಾಯ್ಡ್ ಕೊರತೆ, ಎನ್ನುತ್ತೇವೆ. ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿದೆ, ಮೆದುಳಿನ ಕೆಳಗಿರುವ ಪಿಟ್ಯುಟರಿ ಅದನ್ನು ಸ್ವಲ್ಪ ಜೋರಾಗಿ ಗದರಿಸಿ ಕೆಲಸ ಮಾಡಿಸುತ್ತಿದೆ. ಟಿ4 ಚೂರು ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ, ಅದಕ್ಕೇ ಅದು ಒಳ್ಳೆಯ ಕಾವಲುಗಾರ. ಆದರೆ ಕಾವಲುಗಾರ ಕೂಗಿದ ರಾತ್ರಿಯೆಲ್ಲ ಕಳ್ಳ ಬಂದಿರುವುದಿಲ್ಲ.

ನಾನು ತಾಲ್ಲೂಕು ಆಸ್ಪತ್ರೆಯ ವೈದ್ಯ. ಮಾತ್ರೆ ಬರೆಯುವುದಕ್ಕೆ ಅರ್ಧ ನಿಮಿಷ ಸಾಕು, ಬೇಡವೆಂದು ಒಪ್ಪಿಸುವುದಕ್ಕೆ ಇಪ್ಪತ್ತು ನಿಮಿಷ ಬೇಕು. ಹೊರಗೆ ಎಂಬತ್ತು ಜನ ಕಾಯುತ್ತಿರುತ್ತಾರೆ. ಸಮರ್ಥನೆಯಲ್ಲ, ನಡೆಯುವುದನ್ನು ಹೇಳಿದೆ.

ಗ್ಲಾಸ್ಗೋ ಮಳೆ
ನಾನಿರುವ ಊರಿನ ವಿಶ್ವವಿದ್ಯಾಲಯವೇ ಮುಂದೆ ನಿಂತು ನಡೆಸಿದ ಅಧ್ಯಯನ ನಿಮ್ಮ ಅಮ್ಮನಂಥವರ ಮೇಲೆಯೇ ಇದೆ. ಹೆಸರು ಟ್ರಸ್ಟ್, ಪ್ರಕಟವಾದದ್ದು 2017ರಲ್ಲಿ. ಬ್ರಿಟನ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್, ಸ್ವಿಟ್ಜರ್‌ಲ್ಯಾಂಡಿನ 737 ಮಂದಿ, ಎಲ್ಲರೂ 65 ದಾಟಿದವರು, ಎಲ್ಲರದೂ ಟಿ4 ಸರಿ, ಟಿಎಸ್‌ಎಚ್ ಮಾತ್ರ ಹೆಚ್ಚು. ಅರ್ಧ ಜನರಿಗೆ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ.

ವರ್ಷದ ಕೊನೆಗೆ ಸುಸ್ತು ಕಡಿಮೆಯಾಯಿತೇ, ಲವಲವಿಕೆ ಬಂತೇ ಎಂದು ಕೇಳಿದರು. ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ನನಗೆ ಹಿಡಿಸಿದ್ದು ಇನ್ನೊಂದು ಅಂಕಿ. ಆರಂಭದಲ್ಲಿ ಸರಾಸರಿ ಟಿಎಸ್‌ಎಚ್ 6.40 ಇತ್ತು. ಔಷಧ ಪಡೆದವರಲ್ಲಿ 3.63ಕ್ಕೆ ಇಳಿಯಿತು, ಅದು ನಿರೀಕ್ಷಿತ. ಬರೀ ಹುಸಿಮಾತ್ರೆ ನುಂಗಿದವರಲ್ಲೂ 5.48ಕ್ಕೆ ಇಳಿದಿತ್ತು! ಅಂದರೆ ಏನೂ ಮಾಡದಿದ್ದರೂ ಒಂದಿಷ್ಟು ತಾನಾಗಿಯೇ ಇಳಿಯುತ್ತದೆ. ಇಂಥ ಅಧ್ಯಯನ ಇಲ್ಲದಿದ್ದರೆ ಆ ಇಳಿಕೆಯ ಶ್ರೇಯಸ್ಸೂ ಮಾತ್ರೆಗೇ ಹೋಗುತ್ತಿತ್ತು, ಇಲ್ಲವೇ ಯಾರೋ ಹೇಳಿದ ಕೊತ್ತಂಬರಿ ನೀರಿಗೆ.

ಬಿಳಿಕೋಟು
ಒಳ್ಳೆಯ ಮಾತು, ಆದರೆ ಇಲ್ಲಿ ಬೇಲಿ ಹಾಕಲೇಬೇಕು. ಟ್ರಸ್ಟ್‌ನಲ್ಲಿ ಟಿಎಸ್‌ಎಚ್ 10 ದಾಟಿದವರು ತೀರ ಕಡಿಮೆ. 10ರ ಮೇಲಿದ್ದರೆ ಸಾಮಾನ್ಯವಾಗಿ ಮಾತ್ರೆ ಕೊಡುತ್ತೇವೆ. ಬಸುರಿಯರ ಲೆಕ್ಕ ಬೇರೆ, ಮಕ್ಕಳದು ಇನ್ನೂ ಬೇರೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನೋದಿ ನಾಳೆ ಬೆಳಿಗ್ಗೆ ನಿಲ್ಲಿಸಬೇಡಿ, ದಯವಿಟ್ಟು.

ಅಡಿಕೆಸಿಪ್ಪೆಯವರು ಕೇಳಬೇಕಾದ ಇನ್ನೊಂದು ಪರೀಕ್ಷೆ ಟಿಪಿಒ ಪ್ರತಿಕಾಯ. ದೇಹ ತನ್ನದೇ ಥೈರಾಯ್ಡಿನ ಮೇಲೆ ತಿರುಗಿಬಿದ್ದಿದೆಯೇ ಎಂದು ಅದು ಹೇಳುತ್ತದೆ. ಇಂಗ್ಲೆಂಡಿನ ವಿಕಮ್ ಎಂಬಲ್ಲಿನ ಜನರನ್ನು ಇಪ್ಪತ್ತು ವರ್ಷ ಹಿಂಬಾಲಿಸಿ ನೋಡಿದ್ದಾರೆ. ಟಿಎಸ್‌ಎಚ್ ಹೆಚ್ಚಿದ್ದು ಪ್ರತಿಕಾಯವೂ ಇದ್ದ ಹೆಂಗಸರಲ್ಲಿ ವರ್ಷಕ್ಕೆ ಶೇ. 4.3 ಮಂದಿ ನಿಜವಾದ ಹೈಪೋಥೈರಾಯ್ಡಿಸಂಗೆ ಜಾರಿದರು. ಟಿಎಸ್‌ಎಚ್ ಮಾತ್ರ ಹೆಚ್ಚಿದ್ದವರಲ್ಲಿ ಶೇ. 2.6. ಮಾತ್ರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ನೋಡಿಸಬೇಕು ಎನ್ನುವುದು ಇದಕ್ಕೇ.

ನೇರಮಾತು
ಇಷ್ಟೆಲ್ಲ ಪಾಂಡಿತ್ಯ ಯಾಕೆ? ನಮ್ಮಜ್ಜಿಯ ಕಾಲದಲ್ಲಿ ಥೈರಾಯ್ಡ್ ಎಂಬ ಹೆಸರೇ ಕೇಳಿರಲಿಲ್ಲ. ಕಲ್ಲುಪ್ಪು ಬಿಡಿಸಿ ಅಯೋಡಿನ್ ಉಪ್ಪು ತಿನ್ನಿಸಿದರು, ರೋಗ ಬಂತು, ಈಗ ಮಾತ್ರೆ ಮಾರುತ್ತಿದ್ದಾರೆ. ಉಪ್ಪಿನ ಕಂಪನಿ, ಔಷಧ ಕಂಪನಿ, ಲ್ಯಾಬು, ಮೂವರೂ ಸೇರಿ ನಡೆಸುವ ವ್ಯಾಪಾರ.

ಹಳೇ ಪಟ್ಟಿ
ನೇರಮಾತು ಅವರೇ, ನಿಮ್ಮಜ್ಜಿ ಹೆಸರು ಕೇಳಿರಲಿಕ್ಕಿಲ್ಲ. ನಮ್ಮಜ್ಜಿಯ ಕುತ್ತಿಗೆಯಲ್ಲೇ ಅದು ಇತ್ತು. ಗಳಗಂಡ ಎನ್ನುತ್ತಿದ್ದೆವು. ಮಲೆನಾಡಿನಲ್ಲಿ ನಾನು ಹುಡುಗನಾಗಿದ್ದಾಗ ಮದುವೆಮನೆಯ ಪಂಕ್ತಿಯಲ್ಲಿ ಕುಳಿತ ಹೆಂಗಸರಲ್ಲಿ ಮೂರು ನಾಲ್ಕು ಕುತ್ತಿಗೆ ಊದಿಕೊಂಡಿರುತ್ತಿತ್ತು. ಅಜ್ಜಿಯದು ಎಳೆ ಹಲಸಿನ ಗುಜ್ಜೆಯಷ್ಟು. ತಾಳಿಸರ ಅದರ ಮೇಲೆ ಹತ್ತಿ ಇಳಿಯುತ್ತಿತ್ತು, ಸೆರಗನ್ನು ಗಂಟಲವರೆಗೆ ಎಳೆದುಕೊಂಡೇ ಇರುತ್ತಿದ್ದರು. ಮಳೆ ಹೆಚ್ಚು ಸುರಿಯುವ ಗುಡ್ಡಗಾಡಿನ ಮಣ್ಣಿನಿಂದ ಅಯೋಡಿನ್ ತೊಳೆದುಹೋಗಿರುತ್ತದೆ. ಮಣ್ಣಿನಲ್ಲಿಲ್ಲದ್ದು ಸೊಪ್ಪಿನಲ್ಲೂ ಇಲ್ಲ, ಹಾಲಿನಲ್ಲೂ ಇಲ್ಲ. ನಿಮ್ಮ ಕಲ್ಲುಪ್ಪಿನಲ್ಲಂತೂ ಲೆಕ್ಕಕ್ಕೆ ಸಿಗುವಷ್ಟು ಇಲ್ಲ.

ಇದನ್ನು ಊಹೆಯಿಂದ ಹೇಳಿದ್ದಲ್ಲ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ 1956ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಪ್ರಯೋಗ ಆರಂಭಿಸಿದರು. ಕಣಿವೆಯನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ನಡುವಿನದಕ್ಕೆ ಬರೀ ಉಪ್ಪು. ಐದಾರು ವರ್ಷಗಳಲ್ಲಿ ಅಯೋಡಿನ್ ಸಿಕ್ಕ ಎರಡು ವಲಯಗಳಲ್ಲಿ ಗಳಗಂಡ ಅರ್ಧಕ್ಕೆ ಇಳಿಯಿತು, ಬರೀ ಉಪ್ಪಿನ ವಲಯದಲ್ಲಿ ಇದ್ದಂತೆಯೇ ಉಳಿಯಿತು. ಆಮೇಲೆ ಅಲ್ಲಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲಿಯೂ ಇಳಿಯಿತು. 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಬುನಾದಿ ಇದೇ. ಅಂದು ಲಾಭ ಮಾಡಿಕೊಂಡ ಲ್ಯಾಬು ಯಾವುದು ಹೇಳಿ, ನಾನೂ ತಿಳಿದುಕೊಳ್ಳುತ್ತೇನೆ.

ನೇರಮಾತು
ಹಿಮಾಲಯದ ಕಥೆ ಸರಿ. ಬೆಂಗಳೂರಿನಲ್ಲಿ ಎಲ್ಲರೂ ಅಯೋಡಿನ್ ಉಪ್ಪನ್ನೇ ತಿನ್ನುತ್ತಾರೆ. ಮತ್ತೆ ಪ್ರತಿ ಮನೆಯಲ್ಲೂ ಥೈರಾಯ್ಡ್ ಮಾತ್ರೆ ಯಾಕೆ?

ಬಿಳಿಕೋಟು
ಈ ಪ್ರಶ್ನೆ ಮೊದಲಿನದಕ್ಕಿಂತ ಚೆನ್ನಾಗಿದೆ, ತಳ್ಳಿಹಾಕುವುದಿಲ್ಲ. 2013ರಲ್ಲಿ ಪ್ರಕಟವಾದ ಎಂಟು ನಗರಗಳ ಸಮೀಕ್ಷೆಯಲ್ಲಿ ಬೆಂಗಳೂರೂ ಇತ್ತು. 5,376 ವಯಸ್ಕರಲ್ಲಿ ಶೇ. 10.95 ಮಂದಿಗೆ ಹೈಪೋಥೈರಾಯ್ಡಿಸಂ ಕಂಡುಬಂತು. ಅಯೋಡಿನ್ ಅಗತ್ಯಕ್ಕಿಂತ ಹೆಚ್ಚಾದರೆ ಪ್ರತಿಕಾಯದ ಕಾಯಿಲೆ ಸ್ವಲ್ಪ ಏರುತ್ತದೆ ಎನ್ನುವುದೂ ನಿಜ. ಚೀನಾದಲ್ಲಿ ಅಯೋಡಿನ್ ಸೇವನೆ ಬೇರೆ ಬೇರೆ ಮಟ್ಟದಲ್ಲಿದ್ದ ಮೂರು ಕಡೆಯ ಜನರನ್ನು ಹೋಲಿಸಿ 2006ರಲ್ಲಿ ಪ್ರಕಟಿಸಿದ್ದಾರೆ, ಹೆಚ್ಚು ತಿಂದ ಕಡೆ ಸಬ್‌ಕ್ಲಿನಿಕಲ್ ಪ್ರಕರಣ ಹೆಚ್ಚು. ಆದರೆ ತೂಗಿ ನೋಡಿ. ಒಂದು ತಟ್ಟೆಯಲ್ಲಿ ಮಾತ್ರೆಯಿಂದ ಸರಿಹೋಗುವ, ಬಹುಪಾಲು ಸೌಮ್ಯವಾದ ಕಾಯಿಲೆ. ಇನ್ನೊಂದರಲ್ಲಿ ಬಸುರಿಗೆ ಅಯೋಡಿನ್ ಸಾಲದೆ ಬುದ್ಧಿ ಬೆಳೆಯದೆ ಹುಟ್ಟುವ ಮಗು, ಅದಕ್ಕೆ ಮರಳಿ ಔಷಧವಿಲ್ಲ. ಉಪ್ಪಿನಲ್ಲಿ ನಿಮ್ಮ ಮನೆ ಸೇರುವಾಗ ಕನಿಷ್ಠ ಇರಬೇಕಾದದ್ದು ಹತ್ತು ಲಕ್ಷಕ್ಕೆ 15 ಭಾಗ ಮಾತ್ರ.

ಪ್ರತಿ ಮನೆಯಲ್ಲೂ ಮಾತ್ರೆ ಇರುವುದಕ್ಕೆ ಇನ್ನೊಂದು ಕಾರಣ ಈ ಚರ್ಚೆಯ ಮೊದಲ ಬರಹದಲ್ಲೇ ಇದೆ: ಮಂಡಿನೋವಿಗೆ ಪ್ಯಾಕೇಜು.

ದಾಸವಾಳ
ನನ್ನದೂ ಒಂದು ಕಥೆ. ಹೋದ ವರ್ಷ ನನ್ನ ವರದಿಯಲ್ಲಿ ಟಿಎಸ್‌ಎಚ್ 0.05, ಫ್ರೀ ಟಿ4 ಆಕಾಶಕ್ಕೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಇರಬಹುದು ಎಂದರು. ಕೈ ನಡುಗುತ್ತಿಲ್ಲ, ತೂಕ ಇಳಿದಿಲ್ಲ, ಎದೆ ಹೊಡೆದುಕೊಳ್ಳುತ್ತಿಲ್ಲ. ವರದಿ ಓದಿದ ಮೇಲೆ ಮಾತ್ರ ಹೊಡೆದುಕೊಳ್ಳಲು ಶುರುವಾಯಿತು. ಎರಡನೆಯ ಅಭಿಪ್ರಾಯಕ್ಕೆ ಹೋದಾಗ ಒಬ್ಬ ಹಿರಿಯ ವೈದ್ಯೆ ನನ್ನ ಕತ್ತು ಮುಟ್ಟಿ, ನಾಡಿ ಹಿಡಿದು, ಕೂದಲು ನೋಡಿ, "ಕೂದಲಿಗೆ ಏನಾದರೂ ನುಂಗುತ್ತೀಯೇನಮ್ಮ?" ಎಂದು ಕೇಳಿದರು. ನುಂಗುತ್ತಿದ್ದೆ, ದಿನಕ್ಕೊಂದು ಬಯೋಟಿನ್ ಗುಳಿಗೆ, 10,000 ಮೈಕ್ರೋಗ್ರಾಂ. ಒಂದು ವಾರ ನಿಲ್ಲಿಸಿ ಮತ್ತೆ ರಕ್ತ ಕೊಟ್ಟೆ. ಎಲ್ಲ ಸರಿ! ಇದು ಹೇಗೆ ಸಾಧ್ಯ, ಯಾರಾದರೂ ಹೇಳಿ.

ಸೀರಂ ಸುಮ
ಆ ವೈದ್ಯೆಗೆ ನನ್ನ ನಮಸ್ಕಾರ ತಿಳಿಸಿ.

ಅನೇಕ ಕಿಟ್ಟುಗಳಲ್ಲಿ ಪ್ರತಿಕಾಯವನ್ನು ಕಣಕ್ಕೆ ಅಂಟಿಸುವ ಗೋಂದೇ ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಜೋಡಿ. ಎರಡೂ ಒಂದನ್ನೊಂದು ಹಿಡಿದರೆ ಬಿಡುವುದಿಲ್ಲ. ದೇಹಕ್ಕೆ ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ ಬಯೋಟಿನ್. ನೀವು ನುಂಗಿದ್ದು ಅದರ ಮುನ್ನೂರು ಪಟ್ಟಿಗೂ ಹೆಚ್ಚು. ರಕ್ತದ ತುಂಬ ಓಡಾಡುವ ಆ ಬಯೋಟಿನ್ ಬಂದು ಕಣದ ಮೇಲಿನ ಜಾಗವನ್ನೆಲ್ಲ ಹಿಡಿದು ಕೂರುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಟಿಎಸ್‌ಎಚ್ ಹಿಡಿದ ಪ್ರತಿಕಾಯಕ್ಕೆ ಜಾಗವಿಲ್ಲ, ತೊಳೆದುಹೋಗುತ್ತದೆ, ಬೆಳಕು ಕಡಿಮೆ, ಅಂಕಿ ಕಡಿಮೆ. ಫ್ರೀ ಟಿ4 ಪರೀಕ್ಷೆಯಲ್ಲಿ ಲೆಕ್ಕ ತಿರುಗುಮುರುಗು: ಅಲ್ಲಿ ಬೆಳಕು ಕಡಿಮೆಯಾದಷ್ಟೂ ಹಾರ್ಮೋನು ಹೆಚ್ಚೆಂದು ಅರ್ಥ. ಹಾಗಾಗಿ ಒಂದು ಸುಳ್ಳು ಕೆಳಗೆ, ಇನ್ನೊಂದು ಸುಳ್ಳು ಮೇಲೆ, ಎರಡೂ ಸೇರಿ ಗ್ರೇವ್ಸ್ ಕಾಯಿಲೆಯ ತದ್ರೂಪು. ನನ್ನ ಕಂಟ್ರೋಲ್ ಚಾರ್ಟು ಅಂದು ಅಚ್ಚುಕಟ್ಟಾಗಿಯೇ ಇರುತ್ತದೆ, ಏಕೆಂದರೆ ಕಂಟ್ರೋಲ್ ಸೀರಂ ಕೂದಲಿಗೆ ಗುಳಿಗೆ ನುಂಗುವುದಿಲ್ಲ!

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರ ನವೆಂಬರಿನಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹೃದಯಾಘಾತ ಪತ್ತೆಮಾಡುವ ಟ್ರೊಪೋನಿನ್ ಇದೇ ಕಾರಣಕ್ಕೆ ಕಡಿಮೆ ತೋರಿಸಿ, ಒಬ್ಬರು ತೀರಿಕೊಂಡ ವರದಿ ಬಂದಿತ್ತು. ರಕ್ತ ಕೊಡುವ ಮೊದಲು ಕನಿಷ್ಠ ಎರಡು ದಿನ ನಿಲ್ಲಿಸಿ, ಲ್ಯಾಬಿನವರಿಗೂ ತಿಳಿಸಿ. ನಾನು ಈಗ ಸೂಜಿ ಚುಚ್ಚುವ ಮೊದಲು ಎಲ್ಲರನ್ನೂ ಕೇಳುತ್ತೇನೆ. ಅರ್ಧ ಜನ "ಯಾವ ಔಷಧವೂ ಇಲ್ಲ" ಎನ್ನುತ್ತಾರೆ. ಕೂದಲಿನದು ಅವರ ಲೆಕ್ಕದಲ್ಲಿ ಔಷಧವಲ್ಲ.

ಅಡಿಕೆಸಿಪ್ಪೆ
ಅಮ್ಮ ಹಿಂದೆ ಕುಳಿತು ಇದನ್ನೆಲ್ಲ ಓದಿಸಿಕೊಳ್ಳುತ್ತಿದ್ದಾರೆ. ಅವರದು ಒಂದೇ ಪ್ರಶ್ನೆ: ಮಾತ್ರೆ ತೆಗೆದುಕೊಳ್ಳಲೇಬೇಕಾಗಿ ಬಂದರೆ, ಅದನ್ನು ಕುರಿಯಿಂದ ಮಾಡುತ್ತಾರಂತೆ, ಹೌದೇ? ಪಕ್ಕದ ಮನೆಯವರು ಹೇಳಿದರಂತೆ.

ಗ್ಲಾಸ್ಗೋ ಮಳೆ
ಪಕ್ಕದ ಮನೆಯವರ ಮಾಹಿತಿ ನೂರು ವರ್ಷ ಹಳೆಯದು, ಆದರೆ ಪೂರ್ತಿ ಸುಳ್ಳಲ್ಲ. 1891ರಲ್ಲಿ ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ ಎಂಬ ವೈದ್ಯ ಕುರಿಯ ಥೈರಾಯ್ಡಿನ ರಸವನ್ನು 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದರು. ಮುಖ ಊದಿಕೊಂಡು, ಮಾತು ತಡವರಿಸುತ್ತಿದ್ದ ಹೆಂಗಸು. ಆಕೆ ಚೇತರಿಸಿಕೊಂಡು 74ರವರೆಗೆ ಬದುಕಿದರು. ಆ 28 ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ಆಮೇಲೆ ಅಮೆರಿಕದ ಕೆಂಡಾಲ್ 1914ರ ಕ್ರಿಸ್‌ಮಸ್ ದಿನ ಹಂದಿಯ ಗ್ರಂಥಿಯಿಂದ ಥೈರಾಕ್ಸಿನ್ ಹರಳು ತೆಗೆದರು. ಮೂರು ಟನ್ ಗ್ರಂಥಿ ಅರೆದರೆ ಸಿಕ್ಕಿದ್ದು 33 ಗ್ರಾಂ. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಾಣಿಯ ಸಹವಾಸವಿಲ್ಲದೆ ರಾಸಾಯನಿಕವಾಗಿಯೇ ತಯಾರಿಸಿದರು. ಇಂದಿನ ಲೆವೊಥೈರಾಕ್ಸಿನ್ ಆ ದಾರಿಯದು. ಅಮ್ಮನಿಗೆ ಹೇಳಿ, ಕುರಿಯೂ ಇಲ್ಲ, ಹಂದಿಯೂ ಇಲ್ಲ.

ತೊಟ್ಟಿಲು
ನೀವೆಲ್ಲ ಬೇಡದ ಪರೀಕ್ಷೆಯ ಮಾತು ಆಡುತ್ತಿದ್ದೀರಿ. ಬೇಕಾದ ಪರೀಕ್ಷೆಯದೂ ಒಂದು ಇರಲಿ.

ನನ್ನ ಮಗಳು ಹುಟ್ಟಿದ ಮೂರನೆಯ ದಿನ ನರ್ಸ್ ಬಂದು ಅವಳ ಹಿಮ್ಮಡಿಗೆ ಚುಚ್ಚಿ, ನಾಲ್ಕು ಹನಿ ರಕ್ತವನ್ನು ದಪ್ಪ ಕಾಗದದ ಮೇಲಿನ ನಾಲ್ಕು ವೃತ್ತಗಳಿಗೆ ಮುಟ್ಟಿಸಿದರು. ಮಗು ಕಿರುಚಿತು. ನಮ್ಮತ್ತೆ "ಹಸುಗೂಸಿನ ರಕ್ತ ಹೀರಲು ಬಂದಿರಾ" ಎಂದು ರೇಗಿದರು. ಮನೆಗೆ ಬಂದ ಮೇಲೆ, ಎಂಟನೆಯ ದಿನ ಫೋನು: ತಕ್ಷಣ ಬನ್ನಿ, ಟಿಎಸ್‌ಎಚ್ ತುಂಬ ಹೆಚ್ಚಿದೆ. ಮಗು ನೋಡಲು ದುಂಡಗೆ, ಅಳುವುದೂ ಕಡಿಮೆ, ಸದಾ ನಿದ್ದೆ. ನಾವು ಎಷ್ಟು ಸಾಧು ಮಗು ಎಂದು ಹಿಗ್ಗುತ್ತಿದ್ದೆವು. ಅಂದಿನಿಂದ ಮಾತ್ರೆಯನ್ನು ಪುಡಿಮಾಡಿ ಒಂದು ಚಮಚ ಎದೆಹಾಲಿನಲ್ಲಿ ಕಲಸಿ ಕುಡಿಸಿದ್ದೇನೆ. ಈಗ ನಾಲ್ಕನೆಯ ತರಗತಿ. ಮಗ್ಗಿಯನ್ನು ನನಗಿಂತ ಬೇಗ ಹೇಳುತ್ತಾಳೆ. ಈಗಲೂ ಬೆಳಿಗ್ಗೆ ಮಾತ್ರೆ ಕೊಡುವವಳು ನನ್ನ ಅತ್ತೆಯೇ ಆಗಬೇಕು, ನನ್ನನ್ನು ನಂಬುವುದಿಲ್ಲ.

ಬಿಳಿಕೋಟು
ತೊಟ್ಟಿಲು ಅವರೇ, ಬರೆದದ್ದಕ್ಕೆ ಧನ್ಯವಾದ. ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ ದ್ಯುಸೊ 1970ರ ದಶಕದಲ್ಲಿ ಶುರುಮಾಡಿದ್ದು ಈ ಕಾಗದದ ಮೇಲಿನ ಒಣರಕ್ತದ ಥೈರಾಯ್ಡ್ ಪರೀಕ್ಷೆ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 1,100ಕ್ಕೆ ಒಂದು ಮಗುವಿನಲ್ಲಿ ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನು ಸಾಲದ ಈ ತೊಂದರೆ ಕಂಡಿತು. ಆದರೂ ದೇಶದಲ್ಲಿ ಹುಟ್ಟುವ ಎಲ್ಲ ಮಕ್ಕಳಿಗೂ ಇನ್ನೂ ಈ ನಾಲ್ಕು ಹನಿಯ ಭಾಗ್ಯ ಇಲ್ಲ. ಎರಡು ವಾರದೊಳಗೆ ಮಾತ್ರೆ ಬಿದ್ದರೆ ಮಗು ಎಲ್ಲರಂತೆ ಬೆಳೆಯುತ್ತದೆ. ನನ್ನ ಹತ್ತಿರ ಎರಡು ವರ್ಷದ ಮಗುವನ್ನು "ಇನ್ನೂ ನಡೆಯುವುದಿಲ್ಲ" ಎಂದು ಎತ್ತಿಕೊಂಡು ಬಂದವರಿದ್ದಾರೆ. ಆ ದಿನದ ಬಗ್ಗೆ ಹೆಚ್ಚು ಬರೆಯಲಾರೆ.

ಸೀರಂ ಸುಮ
ನೇರಮಾತು ಅವರು ವ್ಯಾಪಾರ ಎಂದರಲ್ಲ, ಅದಕ್ಕೊಂದು ಮಾತು ಬಾಕಿ ಇತ್ತು. ರಕ್ತದಲ್ಲಿನ ಹಾರ್ಮೋನನ್ನು ಪ್ರತಿಕಾಯದಿಂದ ಅಳೆಯುವ ವಿದ್ಯೆ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ, ರೊಸಾಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ಕೈಯಲ್ಲಿ. ಇನ್ಸುಲಿನ್ ಚುಚ್ಚಿಸಿಕೊಂಡವರ ದೇಹ ಅದಕ್ಕೆ ಪ್ರತಿಕಾಯ ತಯಾರಿಸುತ್ತದೆ ಎಂದು 1955ರಲ್ಲಿ ಬರೆದರೆ, ಪತ್ರಿಕೆಯವರು ನಂಬದೆ ಹಿಂದಕ್ಕೆ ಕಳುಹಿಸಿದರು. ಇನ್ಸುಲಿನ್‌ನಂಥ ಚಿಕ್ಕ ಅಣುವಿಗೆ ಪ್ರತಿಕಾಯ ಹುಟ್ಟಲಾರದು ಎಂಬುದು ಅಂದಿನ ಪಂಡಿತರ ಮತ. 1977ರಲ್ಲಿ ನೊಬೆಲ್ ಬಂದಾಗ ಯಾಲೊ ತಮ್ಮ ಉಪನ್ಯಾಸದಲ್ಲಿ ಆ ತಿರಸ್ಕಾರದ ಪತ್ರವನ್ನೇ ತೋರಿಸಿದರು. ಐದು ವರ್ಷ ಮೊದಲೇ ತೀರಿಕೊಂಡಿದ್ದ ಬರ್ಸನ್‌ಗೆ ಬಹುಮಾನದಲ್ಲಿ ಪಾಲು ಸಿಗಲಿಲ್ಲ. ಈ ವಿಧಾನಕ್ಕೆ ಅವರಿಬ್ಬರೂ ಪೇಟೆಂಟ್ ಮಾಡಿಸಲಿಲ್ಲ.

ನೇರಮಾತು
ಪೇಟೆಂಟ್ ಮಾಡಿಸಲಿಲ್ಲವೇ? ಅದು ಗೊತ್ತಿರಲಿಲ್ಲ. ಪ್ಯಾಕೇಜಿನ ವಿಷಯದಲ್ಲಿ ಮಾತ್ರ ನನ್ನ ಮಾತು ಹಿಂತೆಗೆದುಕೊಳ್ಳುವುದಿಲ್ಲ.

ಕಾಫಿಗಿಡ
ಅದರಲ್ಲಿ ನಾವೆಲ್ಲ ನಿಮ್ಮ ಕಡೆಯೇ.

ಅಡಿಕೆಸಿಪ್ಪೆ
ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಮೊದಲಿನ ಲ್ಯಾಬಿಗೇ, ಮೊದಲಿನ ಹಾಗೆಯೇ ಬೆಳಿಗ್ಗೆ ಏಳೂವರೆಗೆ ಹೋದೆವು. ಗುಳಿಗೆ ಏನಾದರೂ ಇದೆಯೇ ಎಂದು ಅವರು ಕೇಳಲಿಲ್ಲ, ಅಮ್ಮನೇ "ಕೂದಲಿಗೆ ಏನೂ ನುಂಗುವುದಿಲ್ಲ" ಎಂದು ಘೋಷಿಸಿದರು. ಟಿಎಸ್‌ಎಚ್ 5.3, ಫ್ರೀ ಟಿ4 ಸರಿ, ಟಿಪಿಒ ಪ್ರತಿಕಾಯ ಇಲ್ಲ. ಬೇರೆ ವೈದ್ಯರಿಗೆ ತೋರಿಸಿದೆವು. ಮಾತ್ರೆ ಈಗ ಬೇಡ, ವರ್ಷ ಬಿಟ್ಟು ನೋಡೋಣ ಎಂದರು.

ವಾಪಸು ಬರುವಾಗ ಆಟೋದಲ್ಲಿ ಅಮ್ಮ ಸುಮ್ಮನಿದ್ದರು. ಮನೆಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಂತು, "ಅದೆಲ್ಲ ಸರಿ, ಮಂಡಿನೋವಿಗೆ ಏನೆಂದರು?" ಎಂದು ಕೇಳಿದರು. ಮೂರು ತಿಂಗಳಲ್ಲಿ ಇಬ್ಬರು ವೈದ್ಯರು, ಎರಡು ಲ್ಯಾಬು, ಮೂರು ಸಲ ರಕ್ತ. ಮಂಡಿಯನ್ನು ಇನ್ನೂ ಯಾರೂ ಮುಟ್ಟಿ ನೋಡಿಲ್ಲ.